ನೀಲಿ ಪಂಪು ಯಾವುದು?

ಕಬ್ಬು ಅರೆಯೋ ಕಾಲ ಬಂತೆಂದರೆ ನಮ್ಮ ಪಿಎಚ್‌ಸಿಯಲ್ಲಿ ಗೂರಲು, ಅಂದರೆ ಆಸ್ತಮಾ, ಕೇಸು ಜಾಸ್ತಿ. ಆಲೆಮನೆ ಹೊಗೆ, ಚಳಿ, ಧೂಳು ಎಲ್ಲ ಒಟ್ಟಿಗೇ ಬರುತ್ತೆ. ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೋದ ಸೀಸನ್ನಿನಲ್ಲಿ ಒಂದು ಬೆಳಗ್ಗೆ, ಓಪಿಡಿ ತುಂಬಿರುವಾಗಲೇ, ಮಗನ ಬೈಕಿನಲ್ಲಿ ಒಬ್ಬ ತಾಯಿ ಬಂದರು. ಹೆಸರು ಪೂರ್ತಿ ಹೇಳುವಷ್ಟು ಉಸಿರಿಲ್ಲ. ರಕ್ತದಲ್ಲಿನ ಆಕ್ಸಿಜನ್ ಮಟ್ಟ (ಸ್ಯಾಚುರೇಶನ್) 88ಕ್ಕೆ ಇಳಿದಿತ್ತು. ಆಕ್ಸಿಜನ್ ಹಾಕಿ, ಉಸಿರಿನ ದಾರಿ ತೆರೆಯುವ ಸಾಲ್ಬುಟಮಾಲ್ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಲ್ಲಿ ಕೊಡೋದು (ನೆಬುಲೈಸ್) ಶುರು ಮಾಡಿದೆವು. ಡಾಕ್ಟರು ಊತ ಇಳಿಸುವ ಹೈಡ್ರೋಕಾರ್ಟಿಸೋನ್ ಕೊಡಿಸಿದರು. 108ಕ್ಕೂ ಫೋನ್ ಹೋಯಿತು. ಒಂದು ರೌಂಡ್ ಮುಗಿದರೂ ಎದೆಯಲ್ಲಿ ಗಾಳಿ ಆಡುವ ಸದ್ದೇ ಸರಿಯಾಗಿ ಇಲ್ಲ. ಸುಯ್ಯೆಂಬ ಸದ್ದಿದ್ದರೆ ಧೈರ್ಯ ಇರುತ್ತೆ. ಸದ್ದೇ ಇಲ್ಲದ ಎದೆ ಅಂದರೆ ಎಂಥ ಸಿಸ್ಟರಿಗೂ ಕೈಕಾಲು ಆಡಲ್ಲ. ಎರಡನೇ ರೌಂಡಿನ ನಡುವೆ ಆ ಸುಯ್ಯೆಂಬ ಸದ್ದು ಬಂತು. ಅಷ್ಟು ಹೊತ್ತೂ ಮಗ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ.

"ಪಂಪು ಬಿಟ್ಟುಬಿಟ್ರಾ ಅವ್ವಾ?" ಅಂದೆ. ಪಂಪು ಅಂದರೆ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳೋ ಇನ್ಹೇಲರ್. ಸಾಮಾನ್ಯವಾಗಿ ಹಾಗೇ ಆಗಿರುತ್ತೆ.

"ಚೀಟೀಲಿರಂಗೇ ಮಾಡಿವ್ನಿ ಸಿಸ್ಟ್ರೆ. ರಾತ್ರಿಯೆಲ್ಲಾ ನೀಲಿದ್ನೇ ಹೊಡ್ಕಂಡೆ."

ಕೈಚೀಲದಲ್ಲಿ ನಾವು ಕೊಟ್ಟ ಚೀಟಿ ನಾಲ್ಕು ಮಡಿಕೆಯಾಗಿ ಇತ್ತು. "ಕಂದು ಪಂಪು ದಿನಾ, ನೀಲಿ ಪಂಪು ಕಷ್ಟ ಬಂದಾಗ." ಜೊತೆಗೆ ಎರಡು ಪಂಪು. ಹೊಸ ಸ್ಟಾಕಿನಲ್ಲಿ ಬಂದಿದ್ದ ಬುಡೆಸೊನೈಡ್ ಪಂಪಿಗೆ ನೀಲಿ ಮುಚ್ಚಳ! ಅದು ದಿನಾ ತೆಗೆದುಕೊಂಡರೆ ಊತ ಇಳಿಸುವ ಔಷಧಿ, ಕೆಲಸ ಮಾಡಲು ದಿನಗಳು ಬೇಕು. ಮುಚ್ಚಿಕೊಂಡ ಉಸಿರಿನ ದಾರಿಯನ್ನು ಆ ಕ್ಷಣಕ್ಕೆ ಅದು ತೆರೆಯಲ್ಲ. ತಾಯಿ ನಮ್ಮ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ನೀಲಿ, ಕಂದು ಅನ್ನೋದು ಬ್ರಿಟನ್ನಿನ ರೂಢಿ. ನಮ್ಮಲ್ಲಿ ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತೆ. ಚೀಟಿ ಅಚ್ಚು ಹಾಕಿಸಿದವರು ಅದನ್ನು ಯೋಚಿಸಲಿಲ್ಲ. ರಿಪೋರ್ಟಿನಲ್ಲಿ ಮಾತ್ರ "ಚೀಟಿ ಕೊಟ್ಟಿದೆ: ಹೌದು" ಅಂತ ಇತ್ತು.

ಚೀಟಿ ಬೇಡ ಅಂತಲ್ಲ, ಬೇಕೇ ಬೇಕು. ಬ್ರಿಟನ್ನಿನಲ್ಲಿ 195 ಆಸ್ತಮಾ ಸಾವುಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟರು. ಸತ್ತವರಲ್ಲಿ ಇಂಥ ಚೀಟಿ ಸಿಕ್ಕಿದ್ದವರು ಶೇ. 23 ಮಾತ್ರ. ಆದರೆ ಈ ವಿಷಯದ ಸಂಶೋಧನೆಗಳನ್ನು ಒಟ್ಟಿಗೆ ನೋಡಿದವರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ರೋಗಿಗೆ ತಿಳಿವಳಿಕೆ, ಸಿಬ್ಬಂದಿಗೆ ತರಬೇತಿ, ಆಸ್ಪತ್ರೆಯ ವ್ಯವಸ್ಥೆಯಲ್ಲಿ ಬದಲಾವಣೆ, ಮೂರೂ ಒಟ್ಟಿಗೆ ನಡೆದ ಕಡೆಯೇ ಫಲ ಚೆನ್ನಾಗಿ ಸಿಕ್ಕಿದೆ. ನಮ್ಮಲ್ಲಿ ಏನಾಯಿತು? ಈ ಚೀಟಿಯ ತರಬೇತಿಗೆ ಡಾಕ್ಟರು, ಸಿಸ್ಟರುಗಳನ್ನು ಕರೆದರು. ಪಂಪನ್ನು ರೋಗಿಯ ಕೈಗೆ ಕೊಡುವ ಫಾರ್ಮಸಿಸ್ಟನ್ನೇ ಕರೆಯಲಿಲ್ಲ. ಇದು ನನಗೆ ಈಗಲೂ ಸಿಟ್ಟು ಬರಿಸುತ್ತೆ.

ಈಗ ನಮ್ಮ ಫಾರ್ಮಸಿಸ್ಟ್ ಸಾರ್ ಪಂಪಿನ ಮೇಲೇ ಮಾರ್ಕರಿನಲ್ಲಿ "ದಿನಾ" ಅಂತ ಬರೆಯುತ್ತಾರೆ. ಕಷ್ಟಕ್ಕೆ ಬಳಸೋ ಪಂಪಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಓದಲು ಬಾರದವರಿಗೂ, ಕರೆಂಟು ಹೋದ ಹೊತ್ತಿನಲ್ಲೂ ಬೆರಳಿಗೆ ಸಿಗುತ್ತೆ. ನಾವು "ಗೊತ್ತಾಯ್ತಾ?" ಅಂತ ಕೇಳೋದು ಬಿಟ್ಟು, "ರಾತ್ರಿ ದಮ್ಮು ಬಂದ್ರೆ ಯಾವ್ದು ತಗೋತೀರಿ, ಹೊಡೆದು ತೋರ್ಸಿ" ಅಂತೀವಿ. ಸ್ಟಾಕು ಬದಲಾದಾಗಲೆಲ್ಲ ಮತ್ತೆ ತೋರಿಸಬೇಕು. ಅದಕ್ಕೆ ಒಬ್ಬರಿಗೆ ಐದು ನಿಮಿಷವಾದರೂ ಬೇಕು. ಆ ಐದು ನಿಮಿಷಕ್ಕೆ ಓಪಿಡಿಯಲ್ಲಿ ಇನ್ನೊಬ್ಬರನ್ನು ಕೊಡಿ ಅಂತ ಮೇಲಿನವರಿಗೆ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.