ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಫೋಟೊ ಉಳಿಸುವುದು

ಡಿಸ್ಕ್ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ತಕ್ಷಣ ಪವರ್ ತೆಗೆಯಿರಿ. ಡೇಟಾ ಓದುವ ಹೆಡ್ ಹಾಳಾಗಿರುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಆನ್ ಮಾಡಿದರೆ ಅದು ಡೇಟಾ ಇರುವ ತಟ್ಟೆಯಾದ ಪ್ಲ್ಯಾಟರನ್ನೇ ಗೀರಬಹುದು. ಇಂಥ ಡಿಸ್ಕಿನಿಂದ ಫೋಟೊ ತೆಗೆಯುವುದು ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಲ್ಯಾಬಿನ ಕೆಲಸ. ಫ್ರೀಜರ್‌ನಲ್ಲಿಡುವ ಹಳೇ ಉಪಾಯವಂತೂ ಬೇಡವೇ ಬೇಡ, ಹೊರತೆಗೆದಾಗ ತೇವ ಹನಿಗಟ್ಟುತ್ತದೆ.

ವಿಚಿತ್ರ ಸದ್ದಿಲ್ಲ, ಓದುವುದು ಮಾತ್ರ ನಿಧಾನ ಎಂದಾದರೆ ಆಸೆ ಇದೆ. ಆದರೆ ವಿಂಡೋಸಿನ ಚೆಕ್ ಡಿಸ್ಕ್ ರಿಪೇರಿ ಓಡಿಸಬೇಡಿ, ಅದು ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ ಇಡೀ ಡಿಸ್ಕಿನ ಇಮೇಜ್, ಅಂದರೆ ಪಡಿಯಚ್ಚಿನಂಥ ಒಂದು ಫೈಲ್, ತೆಗೆಯಿರಿ. 1 ಟಿಬಿ ಡಿಸ್ಕಿಗೆ ಇಮೇಜ್ ಇಡಲು 2 ಟಿಬಿಯ ಬೇರೆ ಡಿಸ್ಕ್ ಪಕ್ಕದಲ್ಲಿರಲಿ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲಿಗೆ ಹೆಸರು ಕೊಡುವುದನ್ನು ಖಂಡಿತ ಮರೆಯಬೇಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುವುದು ಅದರಿಂದಲೇ. ಮೊದಲ ಸುತ್ತಿಗೆ ‘ಎನ್’ ಆಯ್ಕೆ ಕೊಟ್ಟರೆ ಸುಲಭವಾಗಿ ಸಿಗುವುದೆಲ್ಲ ಮೊದಲು ಬರುತ್ತದೆ. ಕೆಟ್ಟ ಸೆಕ್ಟರ್‌ಗಳಿಗೆ (ಡಿಸ್ಕಿನ ಓದಲಾಗದ ಚಿಕ್ಕ ಭಾಗಗಳಿಗೆ) ಎರಡನೇ ಸುತ್ತಿನಲ್ಲಿ ‘ಆರ್’ 3, ಅಂದರೆ ಮೂರು ಮರುಪ್ರಯತ್ನ.

ಮುಂದಿನ ಕೆಲಸವೆಲ್ಲ ಇಮೇಜ್ ಮೇಲೆಯೇ. ಮೊದಲು ಅದನ್ನು ರೀಡ್ ಓನ್ಲಿಯಾಗಿ ಮೌಂಟ್ ಮಾಡಿ, ಅಂದರೆ ಏನೂ ಬರೆಯದಂತೆ ಡ್ರೈವ್ ತರಹ ತೆರೆದು, ನೋಡಿ. ಫೋಲ್ಡರ್ ಸಮೇತ ಸಿಕ್ಕರೆ ಪುಣ್ಯ. ಆಗದಿದ್ದರೆ ಫೋಟೊರೆಕ್ ಎಂಬ ಪ್ರೋಗ್ರಾಂ ಬಳಸಿ. ಜೆಪೆಗ್‌ನ ಆರಂಭದ ಬೈಟುಗಳಾದ ಎಫ್ಎಫ್ ಡಿ8 ಎಫ್ಎಫ್ ಗುರುತಿನಿಂದ ಅದು ಚಿತ್ರಗಳನ್ನು ಹೆಕ್ಕುತ್ತದೆ. ಹಳೇ ಹೆಸರುಗಳು ಹೋಗುತ್ತವೆ, ಆದರೆ ಎಕ್ಸಿಫ್‌ನಲ್ಲಿರುವ (ಕ್ಯಾಮೆರಾ ಫೋಟೊದೊಳಗೇ ಬರೆದಿಡುವ ಮಾಹಿತಿಯಲ್ಲಿರುವ) ತಾರೀಖು ಸಾಮಾನ್ಯವಾಗಿ ಉಳಿದಿರುತ್ತದೆ. ಅದರಿಂದಲೇ ವರ್ಷವಾರು ಜೋಡಿಸಬಹುದು. ಮುಖ ಸ್ಪಷ್ಟವಾಗಿದ್ದು ಕೆಳಗಿನ ಅರ್ಧ ಬರೀ ಬೂದು ಬಣ್ಣವಾದರೆ, ಆ ಫೈಲಿನ ಉಳಿದ ಚೂರು ಡಿಸ್ಕಿನಲ್ಲಿ ಬೇರೆಡೆ ಇತ್ತು, ಇಲ್ಲವೇ ಆ ಸೆಕ್ಟರ್ ಓದಲಾಗಿಲ್ಲ.