ರೀಕಾಲ್ ಆದ ಕಾರಿಗೆ ಹಳೆಯ ಟ್ಯೂನ್ ಹಾಕಿಸುವ ಮುನ್ನ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮೂರನೆಯ ಗೇರಿನಲ್ಲೇ ಸಲೀಸಾಗಿ ಏರುತ್ತಿದ್ದ ನನ್ನ ಡೀಸೆಲ್ ಕಾರು, ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ತಿರುವಿನಲ್ಲಿ ಎರಡನೆಯ ಗೇರು ಕೇಳಿತು. ಮುಂದಿದ್ದ ಗ್ಯಾಸ್ ಟ್ಯಾಂಕರನ್ನು ಹಿಂದಿಕ್ಕಲು ಆಕ್ಸಿಲರೇಟರ್ ಅದುಮಿದರೆ, ಸುಮಾರು 1,800 ಆರ್‌ಪಿಎಂನಲ್ಲಿ ಬೆನ್ನನ್ನು ಸೀಟಿಗೆ ಅಂಟಿಸುತ್ತಿದ್ದ ಆ ಎಳೆತ ಬರಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಎ.ಸಿ. ಆಫ್ ಮಾಡ್ಲಾ?" ಎಂದು ಕೇಳಿದಳು. ಎ.ಸಿ.ಯದೇನೂ ತಪ್ಪಿರಲಿಲ್ಲ. ಕಂಪನಿಯಿಂದ ರೀಕಾಲ್ ಪತ್ರ (ದೋಷ ಸರಿಪಡಿಸಲು ವಾಪಸ್ ಕರೆ) ಬಂದಿದ್ದರಿಂದ ನಾಲ್ಕು ದಿನಗಳ ಹಿಂದೆ ಕಾರನ್ನು ಸರ್ವಿಸ್ ಸೆಂಟರಿಗೆ ಬಿಟ್ಟಿದ್ದೆ. ಜಾಬ್ ಕಾರ್ಡಿನಲ್ಲಿ "ಇಸಿಯು ಸಾಫ್ಟ್‌ವೇರ್ ಅಪ್‌ಡೇಟ್, ಶುಲ್ಕವಿಲ್ಲ" ಎಂಬ ಒಂದೇ ಸಾಲು ಇತ್ತು; ಇಸಿಯು ಎಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. ಎರಡು ವರ್ಷಗಳ ಹಿಂದೆ ದುಡ್ಡು ಸುರಿದು ಮಾಡಿಸಿದ್ದ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಸಿಯು ತಂತ್ರಾಂಶವನ್ನು ತಿದ್ದಿಸುವ ಟ್ಯೂನ್) ಆ ಒಂದು ಸಾಲಿನಲ್ಲಿ ಅಳಿಸಿಹೋಗಿತ್ತು.

ತಪ್ಪು ನನ್ನದೇ. ಟ್ಯೂನ್ ಮಾಡಿಸಿರುವುದನ್ನು ಹೇಳಿದರೆ ವಾರಂಟಿ ಹೋದೀತೆಂಬ ಹೆದರಿಕೆಯಿಂದ, ಕಾರು ಬಿಡುವಾಗ ಆ ವಿಷಯವಾಗಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಬೆಂಗಳೂರಿಗೆ ಮರಳಿ ಟ್ಯೂನರಿಗೆ ಫೋನ್ ಮಾಡಿದಾಗ ಅವರು, "ನಿಮ್ಮ ಫೈಲ್ ನಮ್ಮ ಹತ್ರಾನೇ ಇದೆ ಸರ್, ಬನ್ನಿ, ಅರ್ಧ ಗಂಟೇಲಿ ಹಾಕಿಕೊಡ್ತೀನಿ" ಎಂದರು. ದುಡ್ಡೂ ಬೇಡ ಎಂದರು. ಶನಿವಾರ ಹೊರಟೇಬಿಡುತ್ತಿದ್ದೆ. ಆದರೆ ವಿಮೆಯ ಕಾಗದ ಹುಡುಕುವಾಗ ಕೈಗೆ ಸಿಕ್ಕ ರೀಕಾಲ್ ಪತ್ರವನ್ನು ಮತ್ತೆ ಬಿಡಿಸಿ ಓದಿದೆ. ಕೆಲವು ಸಂದರ್ಭಗಳಲ್ಲಿ ಕಾಮನ್ ರೈಲಿನೊಳಗೆ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯೊಳಗೆ, ಇಂಧನದ ಒತ್ತಡ ಕುಸಿದು, ಕಾರು ಓಡುತ್ತಿರುವಾಗಲೇ ಇಂಜಿನ್ ನಿಂತುಹೋಗುವ ಸಾಧ್ಯತೆ ಇರುವುದರಿಂದ ನಿಯಂತ್ರಣ ತಂತ್ರಾಂಶವನ್ನು ಬದಲಿಸಲಾಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪತ್ರ ಬಂದ ದಿನ ನನ್ನ ಕಣ್ಣಿಗೆ ಬಿದ್ದದ್ದು 'ಉಚಿತ' ಎಂಬ ಪದ ಮಾತ್ರ.

ಟ್ಯೂನ್ ಎಂದರೆ ಅಲಾಯ್ ವೀಲಿನಂತೆ, ಮ್ಯೂಸಿಕ್ ಸಿಸ್ಟಮ್ಮಿನಂತೆ ಕಾರಿಗೆ ಮೇಲಿಂದ ಸೇರಿಸಿದ ಒಂದು ವಸ್ತು ಎಂದು ನಾನೂ ತಿಳಿದಿದ್ದೆ. ವಾಸ್ತವದಲ್ಲಿ ಟ್ಯೂನರ್ ಮಾಡುವುದೇನೆಂದರೆ, ಆ ದಿನ ಇಸಿಯುವಿನಲ್ಲಿ ಇರುವ ಕಂಪನಿಯ ತಂತ್ರಾಂಶವನ್ನು ಓದಿಕೊಂಡು ಅಥವಾ ಅದೇ ಆವೃತ್ತಿಯ ಮೂಲ ಫೈಲನ್ನು ತನ್ನ ಸಂಗ್ರಹದಿಂದ ತೆಗೆದುಕೊಂಡು, ಅದರೊಳಗೆ ಎಷ್ಟು ಡೀಸೆಲ್ ಚಿಮ್ಮಬೇಕು, ಯಾವಾಗ ಚಿಮ್ಮಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು, ರೈಲಿನ ಒತ್ತಡ ಎಷ್ಟಿರಬೇಕು, ಟಾರ್ಕಿನ ಮಿತಿ ಎಲ್ಲಿ ಎಂಬ ಕೆಲವು ಕೋಷ್ಟಕಗಳ ಅಂಕಿಗಳನ್ನು ತಿದ್ದಿ, ಫೈಲ್ ಸರಿಯಿದೆಯೇ ಎಂದು ಇಸಿಯು ನೋಡುವ ಚೆಕ್‌ಸಮ್ ಸಂಖ್ಯೆಯನ್ನು ಸರಿಹೊಂದಿಸಿ ಮತ್ತೆ ಬರೆಯುವುದು. ಅಂದರೆ ಟ್ಯೂನ್ ಫೈಲಿನ ಬಹುಪಾಲು ಕಂಪನಿಯದೇ. ಆ ಕಾಲದ ಕಂಪನಿಯದು, ಆ ಕಾಲದ ದೋಷಗಳ ಸಮೇತ. ರೀಕಾಲಿನ ನಂತರ ಆ ಫೈಲನ್ನೇ ಮತ್ತೆ ಹಾಕಿಸಿಕೊಳ್ಳುವುದೆಂದರೆ, ಪಹಣಿ ತಿದ್ದುಪಡಿಯಾದ ಮೇಲೂ ನಾವೇ ಪೆನ್ನಿನಲ್ಲಿ ಗುರುತು ಹಾಕಿಟ್ಟ ಹಳೆಯ ಜೆರಾಕ್ಸ್ ಪ್ರತಿಯನ್ನು ಹಿಡಿದು ವ್ಯವಹಾರಕ್ಕೆ ಹೋದಂತೆ. ನನ್ನ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದಾಗಿತ್ತು: ರೈಲಿನ ಒತ್ತಡದ ನಿಯಂತ್ರಣದಲ್ಲೇ ದೋಷವಿದ್ದ ತಂತ್ರಾಂಶದ ಮೇಲೆ, ಅದೇ ರೈಲಿನ ಒತ್ತಡವನ್ನು ಏರಿಸಿದ್ದ ಫೈಲ್ ಅದು. ಆ ಟ್ಯಾಂಕರಿನ ಪಕ್ಕಕ್ಕೆ ಬಂದಾಗ ಇಂಜಿನ್ ನಿಂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಶನಿವಾರದ ಪಯಣವನ್ನು ಕೈಬಿಟ್ಟೆ.

ಈ ಗೊಂದಲ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣದ ಕಾಲಕ್ಕೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಆ ಕಂಪನಿಯ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಯನ್ನು ಗುರುತಿಸಿ ಅಷ್ಟು ಹೊತ್ತು ಮಾತ್ರ ಸಜ್ಜನಿಕೆ ತೋರುವ ತಂತ್ರಾಂಶವಿದೆ ಎಂದು ಬಯಲು ಮಾಡಿತು. ಅದೇ ಡಿಸೆಂಬರಿನಲ್ಲಿ, ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ನಡೆಸಿದ ಪರೀಕ್ಷೆಗಳ ಬೆನ್ನಿಗೇ, ಫೋಕ್ಸ್‌ವ್ಯಾಗನ್, ಸ್ಕೋಡಾ ಮತ್ತು ಆಡಿ ಸೇರಿ ಭಾರತದಲ್ಲಿ ಇಎ189 ಸರಣಿಯ ಇಂಜಿನ್ನುಳ್ಳ ಸುಮಾರು 3,23,700 ಕಾರುಗಳನ್ನು ವಾಪಸ್ ಕರೆಯುವುದಾಗಿ ಪ್ರಕಟಿಸಲಾಯಿತು. ಪರಿಹಾರ ಮುಖ್ಯವಾಗಿ ತಂತ್ರಾಂಶದ್ದೇ, ಯುರೋಪಿನಲ್ಲಿ 1.6 ಲೀಟರ್ ಇಂಜಿನ್ನಿಗೆ ಮಾತ್ರ, ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರಿನ ಮುಂದೆ ಒಂದು ಪ್ಲಾಸ್ಟಿಕ್ ಜಾಲರಿಯನ್ನೂ ಕೂಡಿಸಿದರು. 105 ಅಶ್ವಶಕ್ತಿಯ 1.6 ಡೀಸೆಲ್ ವೆಂಟೊ ರೀಮ್ಯಾಪ್ ಪ್ರಿಯರ ಅಚ್ಚುಮೆಚ್ಚಿನ ಕಾರಾಗಿತ್ತು. ಆದ್ದರಿಂದ ಅಪ್‌ಡೇಟ್ ಮಾಡಿಸಿದರೆ ಪಿಕಪ್ ಹೋಗುತ್ತದೆ ಎಂಬ ಭಯ ಮಾಲೀಕರಲ್ಲಿ ಬಲವಾಗಿತ್ತು. ರೀಕಾಲ್ ಮಾಡಿಸಿ, ಕಾಗದದ ಮೇಲೆ 'ಮುಗಿಯಿತು' ಎಂದು ಬರೆಸಿಕೊಂಡು, ಹಳೆಯ ಟ್ಯೂನನ್ನು ಮರಳಿ ಹಾಕಿಸಿದವರ ಕಾರಿನೊಳಗೆ ಏನಾಯಿತೆಂದು ಯೋಚಿಸಿ: ಯಾವ ತಂತ್ರಾಂಶವನ್ನು ತೆಗೆಯಲೆಂದೇ ಇಷ್ಟೆಲ್ಲ ನಡೆಯಿತೋ ಅದೇ ತಂತ್ರಾಂಶ, ಟ್ಯೂನರಿನ ತಿದ್ದುಪಡಿಗಳ ಜೊತೆಗೆ ಪುನಃ ಬಂದು ಕುಳಿತಿತ್ತು.

ಸರ್ವಿಸ್ ಸೆಂಟರಿಗೆ ಟ್ಯೂನ್ ಗೊತ್ತಾಗುವುದಿಲ್ಲ ಎಂಬ ನನ್ನ ನಂಬಿಕೆಯೂ ಹುಸಿ. ಈಗಿನ ಕಾರುಗಳ ಇಸಿಯು ಸಾಮಾನ್ಯವಾಗಿ ಎರಡು ಗುರುತುಗಳನ್ನು ಹೊರಗೆ ಹೇಳುತ್ತದೆ. ಒಂದು ಕ್ಯಾಲಿಬ್ರೇಷನ್ ಐಡಿ, ಅಂದರೆ ಆವೃತ್ತಿಯ ಹೆಸರು. ಇನ್ನೊಂದು ಸಿವಿಎನ್, ಅಂದರೆ ಒಳಗಿನ ಅಂಕಿಗಳನ್ನೆಲ್ಲ ಲೆಕ್ಕ ಹಾಕಿ ಬರುವ ಪರಿಶೀಲನಾ ಸಂಖ್ಯೆ. ಟ್ಯೂನರುಗಳು ಮೊದಲನೆಯದನ್ನು ಸಾಮಾನ್ಯವಾಗಿ ಹಾಗೆಯೇ ಉಳಿಸುತ್ತಾರೆ, ಆದರೆ ಕೋಷ್ಟಕ ಬದಲಾದರೆ ಎರಡನೆಯದು ಬದಲಾಗುವುದು ಸಹಜ. ಹೆಸರು ಅದೇ, ಸಂಖ್ಯೆ ಬೇರೆ ಎಂದರೆ ಕೈ ಆಡಿಸಿದ್ದಾರೆಂದೇ ಅರ್ಥ. ಸ್ಟಿಯರಿಂಗಿನ ಕೆಳಗಿನ ಒಬಿಡಿ ಎಂಬ ತಪಾಸಣಾ ಪೋರ್ಟಿಗೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಇವೆರಡನ್ನೂ ಮೊಬೈಲಿನಲ್ಲೇ ನೋಡಬಹುದು. ಟ್ಯೂನ್ ಮಾಡಿಸಿದ ದಿನ ಕುತೂಹಲಕ್ಕೆಂದು ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟಿಗೂ ಈಗಿನದಕ್ಕೂ ಹೋಲಿಸಿದಾಗ, ಐಡಿಯ ಕೊನೆಯ ಎರಡು ಅಕ್ಷರಗಳು ಬದಲಾಗಿದ್ದವು, ಸಿವಿಎನ್ ಪೂರ್ತಿ ಬೇರೆಯಾಗಿತ್ತು. ಫೋಕ್ಸ್‌ವ್ಯಾಗನ್ ಮತ್ತು ಆಡಿ ಕಾರುಗಳಲ್ಲಿ ಇಂಥ ವ್ಯತ್ಯಾಸ ಸಿಕ್ಕಾಗ ಕಂಪನಿಯ ದಾಖಲೆಯಲ್ಲಿ ಬೀಳುವ 'ಟಿಡಿ1' ಎಂಬ ಗುರುತು ಅಮೆರಿಕದ ಮಾಲೀಕರ ನಡುವೆ ಕುಖ್ಯಾತವಾಗಿದೆ; ಇಂಜಿನ್ ಮತ್ತು ಗೇರ್‌ಬಾಕ್ಸಿನ ವಾರಂಟಿ ಕೇಳುವಾಗ ಅದು ಅಡ್ಡ ಬರುತ್ತದೆ.

ಟ್ಯೂನ್ ಅಳಿಸಿಹೋಗುವುದೇ ಕೊನೆಯ ನಷ್ಟ ಎಂದೂ ಅಲ್ಲ. ಕೆಲವು ಟ್ಯೂನರುಗಳು ತಮ್ಮ ಫೈಲನ್ನು ಬೇರೆಯವರು ಕದಿಯಬಾರದೆಂದು ಇಸಿಯುವಿಗೆ ಬೀಗ ಹಾಕಿರುತ್ತಾರೆ. ಡೀಲರಿನ ಉಪಕರಣ ಅದರ ಮೇಲೆ ಬರೆಯಲು ಹೋಗಿ ನಡುವೆ ನಿಂತರೆ ಕಾರು ಸ್ಟಾರ್ಟೇ ಆಗುವುದಿಲ್ಲ, ಇಸಿಯು ಬಿಚ್ಚಿ ಮೇಜಿನ ಮೇಲಿಟ್ಟು ನೇರವಾಗಿ ತಂತಿ ಜೋಡಿಸಿ ಬರೆಯಬೇಕಾಗುತ್ತದೆ. ಬೀಗದ ಆಟವನ್ನು ಕಂಪನಿಗಳೂ ಆಡುತ್ತವೆ. ಬಿಎಂಡಬ್ಲ್ಯು 2020ರ ಮಧ್ಯಭಾಗದಿಂದ ತನ್ನ ಇಂಜಿನ್ ಕಂಪ್ಯೂಟರುಗಳನ್ನು ಹೊರಗಿನವರು ಒಬಿಡಿ ಮೂಲಕ ಬರೆಯದಂತೆ ಭದ್ರಪಡಿಸಿತು. ಅದಕ್ಕಿಂತ ಹಳೆಯ ಕಾರಿಗೂ ಡೀಲರ್ ಹೊಸ ಆವೃತ್ತಿ ಹಾಕಿದರೆ ಬೀಗ ಬೀಳುವುದುಂಟು. ಆಗ ಒಬಿಡಿ ಮೂಲಕ ಹಳೆಯ ಟ್ಯೂನಿನ ಜೊತೆಗೆ ಹೊಸ ಟ್ಯೂನಿನ ದಾರಿಯೂ ಮುಚ್ಚುತ್ತದೆ.

ಟ್ಯೂನಿಂಗ್ ಬಾಕ್ಸ್ ಹಾಕಿಸಿದವರಿಗೆ ಈ ತಾಪತ್ರಯ ಕಡಿಮೆ. ಅದು ಸೆನ್ಸರಿಗೂ ಇಸಿಯುವಿಗೂ ನಡುವೆ ಕೂತು ಸುಳ್ಳು ಅಂಕಿ ಹೇಳುವ ಪೆಟ್ಟಿಗೆಯಾದ್ದರಿಂದ ಅಪ್‌ಡೇಟಿನಲ್ಲಿ ಅಳಿಯುವುದಿಲ್ಲ. ಆದರೆ ಹೊಸ ತಂತ್ರಾಂಶ ಆ ಸುಳ್ಳನ್ನು ಹಳೆಯದರಷ್ಟು ಸಹಿಸುತ್ತದೆಂಬ ಭರವಸೆಯಿಲ್ಲ.

ಕಾನೂನಿನ ವಿಚಾರದಲ್ಲಿ ನಾನು ಸಾಚಾ ಎಂದು ಹೇಳಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ದೋಷವಿರುವ ವಾಹನಗಳನ್ನು ವಾಪಸ್ ಕರೆಯುವಂತೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಬಂದದ್ದೂ ಅದರಿಂದಲೇ. ಅಂಕಿಗಳಷ್ಟೇ ಬದಲಾದ ರೀಮ್ಯಾಪನ್ನು ರಸ್ತೆಯಲ್ಲಿ ನಿಲ್ಲಿಸಿ ಯಾರೂ ನೋಡುವುದಿಲ್ಲ ಎಂಬುದು ನಿಜ. ಅಪಘಾತವಾಗಿ ವಿಮೆಯವರು ಬಂದಾಗಲೂ ನೋಡುವುದಿಲ್ಲ ಎಂದು ನಂಬಿ ಕೂರುವ ಧೈರ್ಯ ನನಗಿಲ್ಲ.

ಮರುವಾರ ಸರ್ವಿಸ್ ಸೆಂಟರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಡ್ವೈಸರ್ ಬೈಯಲಿಲ್ಲ, "ಮೊದ್ಲೇ ಹೇಳಿದ್ರೆ ಒಳ್ಳೇದಿತ್ತು ಸರ್, ನೀವೇ ಸ್ಟಾಕ್ ಫೈಲ್ ಹಾಕಿಸ್ಕೊಂಡು ಬರ್ಬೋದಿತ್ತು" ಎಂದಷ್ಟೇ ಹೇಳಿದರು. ಸರಿಯಾದ ಕ್ರಮವೂ ಅದೇ: ಮೊದಲು ಟ್ಯೂನರ್ ಬಳಿ ಮೂಲ ಫೈಲಿಗೆ ಮರಳುವುದು, ಆಮೇಲೆ ರೀಕಾಲ್ ಮಾಡಿಸುವುದು, ಅದರ ನಂತರವೂ ಟ್ಯೂನ್ ಬೇಕೇಬೇಕು ಎನ್ನುವವರು ಹೊಸ ಆವೃತ್ತಿಯ ಮೇಲೆ ಹೊಸದಾಗಿಯೇ ಮಾಡಿಸುವುದು. ಟ್ಯೂನರಿಗೂ ಇದನ್ನು ವಿವರಿಸಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಹೊಸ ಆವೃತ್ತಿಗೆ ತಮ್ಮಲ್ಲಿ ಇನ್ನೂ ಫೈಲ್ ಇಲ್ಲ, ಸಿದ್ಧವಾದಾಗ ತಿಳಿಸುತ್ತೇನೆ ಎಂದರು. ತಿಂಗಳುಗಳು ಕಳೆದರೂ ಅವರು ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಹೊಸ ಐಡಿ ಮತ್ತು ಸಿವಿಎನ್ ಬರೆದ ಚೀಟಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ; ಗುಂಡ್ಯದ ಏರು ಬಂದಾಗ ಎರಡನೆಯ ಗೇರಿಗೆ ಇಳಿಸುತ್ತೇನೆ.