ಕಟ್ಟಿದ ಸಿಂಕಿಗೆ ಕುದಿನೀರು ಸುರಿಯುವ ಮುನ್ನ

ಸಿಂಕಿನಲ್ಲಿ ನೀರು ನಿಂತಿತೋ, ಒಂದು ಪಾತ್ರೆ ಕುದಿನೀರು ಸುರಿಯುವುದು ನಮ್ಮಲ್ಲಿ ವಾಡಿಕೆ. ಕಟ್ಟಿರುವುದು ಬರೀ ತುಪ್ಪ, ಎಣ್ಣೆಯ ಜಿಡ್ಡಾದರೆ ಅಷ್ಟಿಷ್ಟು ಕರಗೀತು. ಆದರೆ ನಮ್ಮ ಅಡುಗೆಮನೆಗಳಲ್ಲಿ ಅದರ ಜೊತೆ ದೋಸೆಹಿಟ್ಟು, ರಾಗಿಹಿಟ್ಟೂ ಇಳಿದಿರುತ್ತವೆ. ಹಸಿಹಿಟ್ಟು ಬಿಸಿಗೆ ಕರಗುವುದಿಲ್ಲ, ಬೇಯುತ್ತದೆ. ಪೈಪಿನೊಳಗೇ ಅಂಟು ಕಾಸಿದ ಹಾಗೆ. ಪಿವಿಸಿ ಪೈಪು ಬೇರೆ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ.

ಎಲ್ಲಿ ಕಟ್ಟಿದೆ ಅಂತ ಮೊದಲು ನೋಡಿ. ಸಿಂಕ್ ಒಂದರಲ್ಲೇ ನೀರು ನಿಂತರೆ ತೊಂದರೆ ಅದರ ಕೆಳಗೇ ಇದೆ. ಸಿಂಕಿನ ನೀರು ನೆಲದ ಜಾಲರಿಯಲ್ಲಿ ಉಕ್ಕಿದರೆ ನಹನಿ ಟ್ರ್ಯಾಪಿನಲ್ಲೋ (ಆ ಜಾಲರಿಯ ಕೆಳಗೆ ನೀರು ನಿಲ್ಲುವ ಗುಂಡಿ) ಅದರಿಂದ ಮುಂದೋ ಕಟ್ಟಿದೆ. ಬಚ್ಚಲೂ ನಿಧಾನವಾಗಿದ್ದರೆ ಮನೆಯ ಕೊಳಚೆ ಪೈಪುಗಳು ಸೇರುವ ಹೊರಗಿನ ಗುಂಡಿಯ, ಅಂದರೆ ಚೇಂಬರಿನ ಮುಚ್ಚಳ ಎತ್ತಿ: ತುಂಬಿ ನಿಂತಿದ್ದರೆ ಅದರಾಚೆ ಕಟ್ಟಿದೆ, ನಲ್ಲಿ ಬಿಟ್ಟರೂ ಅಲ್ಲಿಗೆ ನೀರು ಬರದಿದ್ದರೆ ಮನೆಯ ಕಡೆ.

ಸಿಂಕಿನ ಕೆಳಗೆ ಬಾಟಲ್ ಟ್ರ್ಯಾಪ್ (ಬಾಟಲಿಯಾಕಾರದ, ಕಸ ತಡೆದು ನಿಲ್ಲುವ ಭಾಗ) ಇದ್ದರೆ ಅದರ ಕೆಳಗೆ ಬಕೆಟ್ ಇಟ್ಟು, ಕೆಳಗಿನ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ರೆಂಚ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಒಳಗೆ ಕಪ್ಪು ಲೋಳೆ, ಅದರಲ್ಲಿ ಸಾಸಿವೆ, ಕರಿಬೇವಿನ ಕಡ್ಡಿ. ತೊಳೆದು ಕೂರಿಸುವಾಗ ವಾಷರ್ ಮಡಚಿಕೊಳ್ಳದಿರಲಿ, ಮಡಚಿದರೆ ಹನಿ ಶುರು. ಬರೀ ಸುಕ್ಕುಪೈಪು ಇರುವ ಕಡೆ ಅದರ ಪ್ರತಿ ಸುಕ್ಕಿನಲ್ಲೂ ಜಿಡ್ಡು ಕೂತಿರುತ್ತದೆ. ಹಳೆಯದಾದರೆ ತೊಳೆಯುತ್ತಾ ಕೂರಬೇಡಿ, ಹಳೇ ತುಂಡನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. 32 ಮತ್ತು 40 ಮಿ.ಮೀ. ಎರಡೂ ಸಿಗುತ್ತವೆ, ಕಣ್ಣಂದಾಜು ಸಾಲದು. ಇನ್ನೊಂದು, ಪೈಪಿನ ತುದಿ ನಹನಿ ಟ್ರ್ಯಾಪಿನ ತಳ ಮುಟ್ಟಿದ್ದರೆ ಎಷ್ಟು ತೊಳೆದರೂ ನೀರು ನಿಧಾನವೇ. ಒಂದೆರಡು ಇಂಚು ಮೇಲಕ್ಕೆಳೆದರೆ ಸರಿಹೋಗುತ್ತದೆ.

ರಬ್ಬರ್ ಪ್ಲಂಜರ್ ಹಾಕುವವರು ಸಿಂಕಿನ ಮೇಲ್ತೂತಿಗೆ ಒದ್ದೆಬಟ್ಟೆ ತುರುಕಿ, ಇಲ್ಲದಿದ್ದರೆ ಗಾಳಿ ಅಲ್ಲೇ ಸೋರಿಹೋಗುತ್ತದೆ. ಮೂರು ಇಂಚು ನೀರಿರಲಿ, ಇಪ್ಪತ್ತು ಸಲ ಒತ್ತಿ ಎಳೆಯಿರಿ. ಒತ್ತುವಷ್ಟೇ ಎಳೆತವೂ ಜೋರಾಗಿರಲಿ.

ಬಚ್ಚಲಿನಲ್ಲಿ ಕಟ್ಟುವುದು ಕೂದಲು, ಸೋಪಿನ ಪದರದ ಜೊತೆ ಹೆಣೆದುಕೊಂಡು. ತಂತಿಯ ತುದಿ ಬಗ್ಗಿಸಿ ಎಳೆದು ತೆಗೆಯಿರಿ, ಒಳಕ್ಕೆ ನೂಕಬೇಡಿ. ಜಾಲರಿಯ ಕೆಳಗಿನ ಬಟ್ಟಲನ್ನು ಮರೆಯದೆ ವಾಪಸ್ ಇಡಿ, ಇಲ್ಲದಿದ್ದರೆ ನಾತ, ಜಿರಲೆ ಎರಡೂ ಮೇಲೆ ಬರುತ್ತವೆ.

ಅಡುಗೆಸೋಡಾ, ವಿನೆಗರ್ ಸುರಿಯುವ ಉಪಾಯದಲ್ಲಿ ಏಳುವುದು ಬರೀ ನೊರೆ. ಡ್ರೈನ್ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಕೈಗವಸಿಲ್ಲದೆ ಮುಟ್ಟಬೇಡಿ, ಹಾಕಿದ ಮೇಲೆ ಪ್ಲಂಜರ್ ಒತ್ತಬೇಡಿ, ಕಣ್ಣಿಗೆ ಸಿಡಿದರೆ ಕಷ್ಟ. ಪುಡಿ ಕೆಲಸ ಮಾಡಲಿಲ್ಲವೆಂದು ಮೇಲೆ ಆ್ಯಸಿಡ್ ಹೊಯ್ಯುವುದಂತೂ ಬೇಡವೇ ಬೇಡ. ಮೊದಲೇ ಬ್ಲೀಚ್ ಸುರಿದಿದ್ದರೂ ಅಷ್ಟೇ, ಆ್ಯಸಿಡ್ ಅದರ ಜೊತೆ ಸೇರಿದರೆ ಏಳುವುದು ವಿಷದ ಕ್ಲೋರಿನ್ ಅನಿಲ. ಪ್ಲಂಬರ್ ಬಂದಾಗ ಏನು ಸುರಿದಿದ್ದೀರಿ ಅಂತ ಮೊದಲೇ ಹೇಳಿ.

ಹಿಟ್ಟಿನ ಪಾತ್ರೆ ಮೊದಲ ಸಲ ತೊಳೆದ ನೀರು ಗಿಡಕ್ಕೆ ಹೋಗಲಿ, ಕಾಫಿ ಚರಟ ಕಸದ ಬುಟ್ಟಿಗೆ. ಜಿಡ್ಡು ಬಾಣಲೆಯನ್ನು ಹಳೇ ಪೇಪರಿನಲ್ಲಿ ಒರೆಸಿಯೇ ಸಿಂಕಿಗಿಡಿ. ವಾರಕ್ಕೊಮ್ಮೆ ಸಿಂಕಿನ ಬಾಯಿ ಮುಚ್ಚಿ, ಮುಕ್ಕಾಲು ತಣ್ಣೀರು ತುಂಬಿಸಿ ಒಮ್ಮೆಲೇ ಬಿಡಿ. ಸಣ್ಣಗೆ ಹರಿಯುವ ನಲ್ಲಿನೀರು ಬಿಟ್ಟುಹೋದ ಗಸಿಯನ್ನು ಆ ರಭಸ ಕೊಚ್ಚಿಕೊಂಡು ಹೋಗುತ್ತದೆ.